ಅತ್ತೆ ಓದಿದ ಅಕ್ಷರಗಳು

"ಅದನ್ನ ಇನ್ನೊಂದ್ಸಲ ಹೇಳಿ ಅತ್ತೆ!"

ಸೊಸೆಯ ದನಿಗೆ ಅತ್ತೆ ಬೆಚ್ಚಿಬಿದ್ದರು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ದಿಂಬಿನ ಕವರಿನ ಮೇಲೆ ಹಾಗೇ ನಿಂತುಬಿಟ್ಟಿತು.

"ಏನ್ ಹೇಳ್ದೆ ನಾನು? ಏನೋ ಹಳೇ ಹಾಡು ಗುನುಗ್ತಿದ್ದೆ..."

"ಹಾಡಲ್ಲ ಅದು. ಡಿ, ಎಸ್, ಆರ್, ಕೆ, ಎನ್... ಎಡಗಣ್ಣಿನ ಪರೀಕ್ಷೆಗೆ ಇಡೋ ಫಲಕದ ಮೊದಲ್ನೇ ಸಾಲು! ನಿಮಗೆ ಹೇಗೆ ಬಾಯಿಗೆ ಬಂತು?"

ಅತ್ತೆ ಗಡಿಯಾರದ ಕಡೆ ತಿರುಗಿದರು. ಹತ್ತೂವರೆಗೆ ಆಸ್ಪತ್ರೆಯಲ್ಲಿ ಅವರಿಗೆ ಆರನೆಯ ತಿಂಗಳ ಪರೀಕ್ಷೆಯಿತ್ತು. ಕರೆದೊಯ್ಯಲು ಮಗಳು ಕಾರು ತರುವವಳಿದ್ದಳು. ಮಗನಂತೂ ಹಡಗಿನ ಕೆಲಸಕ್ಕೆ ಹೋದನೆಂದರೆ ಆರು ತಿಂಗಳು ಮನೆಯ ಕಡೆ ತಲೆ ಹಾಕುವವನಲ್ಲ.

ಅತ್ತೆಯ ಎಡಗಣ್ಣಿನ ರೆಟಿನಾದ ನಟ್ಟನಡುವೆ ರಕ್ತನಾಳಗಳು ಸೋರುತ್ತಿದ್ದವು. ಅದೇ ರೋಗಕ್ಕೆಂದು ಸೊಸೆ ಪ್ರಯೋಗಾಲಯದಲ್ಲಿ ಆರು ವರ್ಷ ಹಗಲೆಲ್ಲ ಜೀವ ಸವೆಸಿ ರೂಪಿಸಿದ ಹೊಸ ಔಷಧವನ್ನು ಈಗ ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಅರ್ಧ ಜನರಿಗೆ ಕಣ್ಣಿಗೆ ಚುಚ್ಚುವ ನಿಜವಾದ ಔಷಧ, ಉಳಿದರ್ಧಕ್ಕೆ ಸೂಜಿಯಿಲ್ಲದೆ ಚುಚ್ಚಿದಂತೆ ಬರೀ ನಟನೆ. ಯಾರಿಗೆ ಯಾವುದೆಂದು ಅಕ್ಷರ ಓದಿಸುವವರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಆದರೆ ಒಂದು ನಿಯಮವಿತ್ತು. ಯಾರಿಗಾದರೂ ಓದುವ ಅಕ್ಷರ ಕಡಿಮೆಯಾದರೆ, ಕೂಡಲೇ ಹಳೆಯ ಪಳಗಿದ ಔಷಧ ಕೊಟ್ಟು ಆ ಕಣ್ಣನ್ನು ಉಳಿಸಿಕೊಳ್ಳಬೇಕು. ಬೇಡವೆಂದರೂ ಕೇಳದೆ ಅತ್ತೆ ಹಟ ಹಿಡಿದು ಸೇರಿಕೊಂಡಿದ್ದರು. ಸ್ವಂತ ಮನೆಯವರೆಂಬ ಕಾರಣಕ್ಕೆ ಸೊಸೆ ಅವರ ಕಡತ ಮುಟ್ಟುವಂತಿರಲಿಲ್ಲ.

ಇನ್ನು ಅತ್ತೆಯ ನೆನಪಿನ ಶಕ್ತಿ! ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಒಂದು ಸಲ ಕಿವಿಗೆ ಬಿದ್ದ ನಂಬರು ಮತ್ತೆ ಆಚೆ ಹೋಗುತ್ತಿರಲಿಲ್ಲ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಜೊತೆಯವರು ಅವರನ್ನು 'ಡೈರೆಕ್ಟರಿ' ಎಂದೇ ಕರೆಯುತ್ತಿದ್ದರು. ಅಂಥವರ ಎದುರಿಗೆ ಅಕ್ಷರದ ಫಲಕವಿಟ್ಟರೆ ಕೇಳಬೇಕೆ?

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು, ಅಂಗೈಯಿಂದ ಅತ್ತೆಯ ಬಲಗಣ್ಣು ಮುಚ್ಚಿದಳು.

"ಈಗ ನನ್ನ ಮುಖ ಕಾಣ್ತಿದ್ಯಾ?"

"ಕಿವಿ ಕಾಣುತ್ತೆ... ಕೂದಲು ಕಾಣುತ್ತೆ..."

"ಮುಖ ಅತ್ತೆ? ಮುಖ?"

"ಇಲ್ಲ ಕಣೇ. ಅಲ್ಲಿ ಏನೋ ಕಪ್ಪಗಿದೆ."

ಸೊಸೆ ಅಂಗೈ ತೆಗೆದಳು. "ಯಾವಾಗಿಂದ?"

"ಮೊದಲ್ನೇ ತಿಂಗಳಿಂದ." ಅತ್ತೆ ತಲೆ ತಗ್ಗಿಸಿದರು. "ಅಲ್ಲಿ ಓದಿಸೋ ಹುಡುಗಿ ಒಳ್ಳೇ ಕಣ್ಣು ಮುಚ್ಚೋಕೆ ಮುಂಚೇನೇ ಫಲಕದ ದೀಪ ಹಾಕಿಬಿಡ್ತಾಳೆ. ಅವಳು ಅಂಕಿ ಬರ್ಯೋ ಕಾಗದ ಹುಡುಕೋ ಅಷ್ಟರಲ್ಲಿ ನಾನು ಬಲಗಣ್ಣಲ್ಲಿ ನೋಡ್ಕೊಂಡುಬಿಡ್ತೀನಿ. ಪ್ರತಿ ತಿಂಗಳೂ ಅದೇ ಫಲಕ. ಸಲಕ್ಕೆ ಮೂರು ನಾಲ್ಕಕ್ಷರ ಮಾತ್ರ ಜಾಸ್ತಿ ಹೇಳ್ತಿದ್ದೆ, ಅನುಮಾನ ಬರಬಾರ್ದು ಅಂತ..."

"ಯಾಕತ್ತೆ? ಯಾಕೆ ಹೀಗ್ಮಾಡಿದ್ರಿ?"

"ಅವತ್ತು ನನ್ನ ಮಗಳು ಎಲ್ಲರೆದುರು ಏನಂದ್ಲು? ಆರು ವರ್ಷ ಇಲಿಗಳ ಕಣ್ಣು ನೋಡ್ತಾ ಕೂತ್ಲು, ಮನೆಗೊಂದು ಮಗು ಕೊಡ್ಲಿಲ್ಲ ಅಂದ್ಲಲ್ಲ! ನೀನು ಏನೂ ಮಾತಾಡ್ದೆ ಎದ್ದುಹೋಗಿ ಪಾತ್ರೆ ತೊಳೆದೆ. ನನ್ನ ಕರುಳು ಕಿತ್ತು ಬಂತು ಕಣೇ. ನಿನ್ನ ಔಷಧಿ ಗೆಲ್ಲಲಿ, ಅವಳ ಬಾಯಿ ಮುಚ್ಚಲಿ ಅಂತ..."

ಪ್ರಯೋಗಾಲಯದಲ್ಲಿ ಎಲ್ಲರೂ ಬೆರಗಾಗಿದ್ದು ಒಬ್ಬ ರೋಗಿಯ ಬಗ್ಗೆ. ಹೆಸರಿಲ್ಲ, ಬರೀ ಸಂಖ್ಯೆ; ಐದು ತಿಂಗಳಲ್ಲಿ ಹದಿನೇಳು ಅಕ್ಷರ ಹೆಚ್ಚು ಓದಿದ ಪುಣ್ಯಾತ್ಮರು! ಆ ಒಂದು ಸಂಖ್ಯೆಯ ಮೇಲೆ ಸೊಸೆ ಎಷ್ಟು ಆಸೆ ಕಟ್ಟಿಕೊಂಡಿದ್ದಳೆಂದು ಅವಳಿಗೇ ಗೊತ್ತು. ಆ ಸಂಖ್ಯೆ ಅತ್ತೆಯದೇ ಎಂದು ಈಗ ಹೊಳೆಯಿತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಆಸೆ ಉಳಿಯುತ್ತಿತ್ತು. ಅತ್ತೆಯ ಕಣ್ಣು ಉಳಿಯುತ್ತಿರಲಿಲ್ಲ.

"ಅಕ್ಷರ ಕಮ್ಮಿಯಾಗಿದ್ರೆ ಅವತ್ತೇ ಬೇರೆ ಔಷಧಿ ಕೊಡ್ತಿದ್ರು ಅತ್ತೆ! ಐದು ತಿಂಗಳು... ಐದು ತಿಂಗಳು ನೀವೇ ಬಾಗಿಲು ಹಾಕ್ಕೊಂಡು ಕೂತ್ರಿ!" ಎಂದು ಸೊಸೆ ಗೋಳೋ ಎಂದು ಅತ್ತಳು.

ಅಷ್ಟರಲ್ಲಿ ನಾದಿನಿ ಬಾಗಿಲಲ್ಲಿ ನಿಂತಿದ್ದಳು. ವಿಷಯ ಕೇಳಿ ಅವಳ ಮುಖ ಕೆಂಪಾಯಿತು.

"ಅಮ್ಮ ಯಾರಿಗೂ ಏನೂ ಹೇಳೋದು ಬೇಡ. ಹೇಳಿದ್ರೆ ಪರೀಕ್ಷೆಯಿಂದ ಆಚೆ ಹಾಕ್ತಾರೆ, ಆಮೇಲೆ ಯಾರು ನೋಡ್ತಾರೆ? ಅತ್ತಿಗೆ, ನಿಮಗೇನು? ಕಣ್ಣು ಹೋಗ್ತಿರೋದು ನಮ್ಮಮ್ಮಂದು!"

"ಅದಕ್ಕೇ ಹೇಳ್ಬೇಕು," ಎಂದಳು ಸೊಸೆ. "ಅತ್ತೇನೇ ಹೇಳ್ಬೇಕು. ಅವರು ಹೇಳ್ದಿದ್ರೆ ನಾನು ಹೇಳ್ತೀನಿ, ನನ್ನ ಕೆಲಸ ಮಣ್ಣುಪಾಲಾದ್ರೂ ಸರಿ."

ಮೂವರೂ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಓದಿಸುವ ಹುಡುಗಿ ಎಂದಿನಂತೆ ಮೊದಲು ದೀಪ ಹಾಕಿ, ಆಮೇಲೆ ಕಾಗದ ಹುಡುಕಿದಳು. ಸೊಸೆ ಗಾಜಿನಾಚೆ ನಿಂತು ನೋಡುತ್ತಿದ್ದಳು. ಬಲಗಣ್ಣಿಗೆ ಮುಚ್ಚಳ ಬಿತ್ತು.

"ಮೊದಲ್ನೇ ಸಾಲು ಓದಿ ಅಮ್ಮ."

ಅತ್ತೆ ಬಾಯಿ ತೆರೆದರು. ಮುಚ್ಚಿದರು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ದೀಪ ಆರ್ಸಮ್ಮ. ಇದು ನಂಗೆ ಬಾಯಿಪಾಠ. ಬೇರೆ ಫಲಕ ತಗೊಂಡ್ಬಾ."

ಬೇರೆ ಫಲಕ ಬಂತು. ಅತ್ತೆ ಕುತ್ತಿಗೆ ಓರೆ ಮಾಡಿ, ಇಣುಕಿ, ಬೆವರಿ, ಮೂರಕ್ಷರ ಓದಿದರು. ಅದರಲ್ಲೂ ಒಂದು ತಪ್ಪು.

ವೈದ್ಯರು ಯಂತ್ರದಲ್ಲಿ ರೆಟಿನಾದ ಚಿತ್ರ ತೆಗೆದರು. ನಡುವೆ ಕಲೆ ಗಟ್ಟಿಯಾಗಿತ್ತು. "ಚಿತ್ರದಲ್ಲಿ ಊತ ಕಂಡಾಗ್ಲೂ, ಓದ್ತಿದ್ದಾರಲ್ಲ ಅಂತ ಸುಮ್ಮನಿದ್ವಿ. ಅದು ನಮ್ಮ ತಪ್ಪು. ನಡುವಿನ ದೃಷ್ಟಿ ಇನ್ನು ಬರಲ್ಲಮ್ಮ. ಸುತ್ತಲಿಂದು ಉಳಿಸ್ಕೋಬಹುದು, ಇವತ್ತೇ ಸೂಜಿ ಶುರು ಮಾಡಿದ್ರೆ," ಎಂದರು. ಆಮೇಲೆ ಕಡತದ ಐದು ತಿಂಗಳ ಅಂಕಿಗಳ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದರು. ಹದಿನೇಳು ಅಕ್ಷರ ಅಲ್ಲಿಗೆ ಮುಗಿದವು.

"ನಿನ್ನ ಔಷಧಿ ಸೋತುಹೋಯ್ತಾ ಮಗಳೇ?" ಅತ್ತೆ ಮೆಲ್ಲಗೆ ಕೇಳಿದರು. ಅವರ ಬಾಯಲ್ಲಿ ಸೊಸೆಗೆ 'ಮಗಳೇ' ಎಂಬ ಮಾತು ಬಂದದ್ದು ಅದೇ ಮೊದಲು.

"ಗೊತ್ತಿಲ್ಲ ಅತ್ತೆ. ನಿಮಗೆ ಸಿಕ್ಕಿದ್ದು ಔಷಧೀನೋ ಅಲ್ವೋ, ಅದೂ ಗೊತ್ತಿಲ್ಲ. ಉಳಿದವರ ಕಣ್ಣು ಹೇಳುತ್ತೆ, ನಿಜ ಹೇಳಿದ್ರೆ."

ದಾದಿ ಬಂದು ಅತ್ತೆಯನ್ನು ಒಳಗೆ ಕರೆದೊಯ್ದಳು. ಹೊರಗೆ ಬೆಂಚಿನ ಆ ತುದಿಯಲ್ಲಿ ನಾದಿನಿ, ಈ ತುದಿಯಲ್ಲಿ ಸೊಸೆ. ನಾದಿನಿ ತಲೆಯೆತ್ತದೆ ಕೇಳಿದಳು.

"ಅವತ್ತು ನಾನು ಆ ಮಾತು ಆಡದೆ ಇದ್ದಿದ್ರೆ... ಅಮ್ಮನ ಕಣ್ಣು ಉಳೀತಿತ್ತಾ ಅತ್ತಿಗೆ?"

ಉಳಿಯುತ್ತಿತ್ತು. ಸೊಸೆಗೆ ಅದು ಚೆನ್ನಾಗಿ ಗೊತ್ತಿತ್ತು. ಇಡೀ ಬೆಳಿಗ್ಗೆ ನಿಜ ನಿಜವೆಂದು ಹಟ ಹಿಡಿದವಳು, ಎದ್ದು ಹೋಗಿ ನಾದಿನಿಯ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡಳು.

"ಹಾಗೆಲ್ಲ ಹೇಳೋಕಾಗಲ್ಲ," ಎಂದಳು.