ಅಂಗನವಾಡಿಯ ಅನ್ನ

“ಈ ಹೊಸ್ತಿಲು ದಾಟಿದಿ ಅಂದ್ರ ತಿರುಗಿ ಒಳಗ ಬರಬ್ಯಾಡ.”

ಬಾಗಿಲಿಗೆ ಅಡ್ಡ ನಿಂತಿದ್ದಳು ಅತ್ತೆ ಈರಮ್ಮ. ಆರು ತಿಂಗಳ ಬಸುರಿ ಸೊಸೆ ಮಂಗಲಾ ಗೋಡೆ ಹಿಡಿದು ನಿಂತಿದ್ದಳು. ಮೈಯಲ್ಲಿ ರಕ್ತದ ಅಂಶ ಏಳೇ ಗ್ರಾಂ ಇದೆ, ಹನ್ನೊಂದಾದರೂ ಇರಬೇಕು, ಹೀಗೇ ಬಿಟ್ಟರೆ ಕೂಸು ಉಳಿಯುವುದು ಕಷ್ಟವೆಂದು ಡಾಕ್ಟರು ನಿನ್ನೆಯಷ್ಟೇ ಹೇಳಿದ್ದರು. ತಮ್ಮ ಹಳ್ಳಿ ಝರಾಸಂಗಂ ಬಿಟ್ಟು ಜಹೀರಾಬಾದಿನ ಬಾಡಿಗೆ ಕೋಣೆಗೆ ಬಂದ ಮೇಲೆ ಆ ಮನೆಯಲ್ಲಿ ರೇಷನ್ ಅಕ್ಕಿಯ ಅನ್ನ, ನೀರಿನಂಥ ಸಾರು ಬಿಟ್ಟರೆ ಬೇರೇನಿತ್ತು? ಗಂಡ ಗುರುಬಸವನ ಆಟೋ ದುಡಿಮೆಯಲ್ಲಿ ಹಾಲು, ಸೊಪ್ಪು, ಬೇಳೆ ಹಬ್ಬಕ್ಕೆ ಮಾತ್ರ. ಓಣಿಯ ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನ ಅನ್ನ, ಬೇಳೆ, ಹಾಲು, ಮೊಟ್ಟೆ ಪುಕ್ಕಟೆ. ಆದರೆ ಅಲ್ಲೇ ಕೂತು ಉಣ್ಣಬೇಕು.

“ಕೊಳ್ಳಾಗ ಲಿಂಗ ಕಟ್ಕೊಂಡು ತತ್ತಿ ತಿಂತೀಯೇನ?”

“ತತ್ತಿ ಮುಟ್ಟಂಗಿಲ್ರಿ ಅತ್ತಿ... ಬ್ಯಾಳಿ, ಹಾಲು ಅಷ್ಟೇ ತಗೋತೀನಿ.”

“ಅಡಗಿ ಮಾಡಾಕಿ ಯಾರು? ಆ ಧಮ್ಮಶೀಲಾ. ಆ ಜಾತಿಯಾಕಿ ಕೈಯಾಗಿಂದು ನಮ್ಮನಿ ಸೊಸಿ ಉಣ್ಣಂಗಿಲ್ಲ.”

ಅಲ್ಲಿಗೆ ಬಂತು ನೋಡಿ ನಿಜ! ಮೊಟ್ಟೆ ಬರೀ ನೆಪ. ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೇ ಈ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಾದವರ ಮನೆ ಅದು.

ಮಂಗಲಾ ಗಂಡನ ಮುಖ ನೋಡಿದಳು. “ಅವ್ವ ಹೇಳಿದಂಗ ಕೇಳು” ಎಂದು ಅವನು ಆಟೋ ಕೀಲಿ ಹುಡುಕತೊಡಗಿದ.

ಆಗ ಅವಳು ಅತ್ತೆಯನ್ನು ಬದಿಗೆ ಸರಿಸಿ ಹೊರಟೇಬಿಟ್ಟಳು. ಅಂದು ಉಂಡಳು, ಮರುದಿನವೂ ಉಂಡಳು. ವಾರ ಕಳೆದ ಮೇಲೆ ಕಣ್ಣೀರಿನೊಂದಿಗೆ ಮೊಟ್ಟೆಯನ್ನೂ ನುಂಗಿದಳು... ಹೊರಗೆ ಹಾಕಿದರೆ ಓಣಿ ನಗುತ್ತದೆಂದು ಈರಮ್ಮ ಅವಳನ್ನು ಒಳಗೆ ಬಿಟ್ಟಳು, ಆದರೆ ಮಾತು ಬಿಟ್ಟಳು. ಎಂಟನೇ ತಿಂಗಳಲ್ಲಿ ಕುಲದ ರೂಢಿಯಂತೆ ಗರ್ಭದ ಕೂಸಿಗೆ ಲಿಂಗ ಕಟ್ಟಲು ಮಠದ ಅಯ್ಯನವರು ಬಂದರೆ, “ಆ ಹೊಟ್ಟಿಗಿ ಲಿಂಗ ಬ್ಯಾಡ್ರಿ” ಎಂದು ಬಾಗಿಲಿನಿಂದಲೇ ಕಳಿಸಿದಳು. ಮಂಗಲಾ ಒಳಗೆ ಸೆರಗು ಕಚ್ಚಿಕೊಂಡು ಅತ್ತಳು.

ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರು ಕೇಜಿಗೆ ಚೂರು ಕಡಿಮೆ, ಗಟ್ಟಿ ದನಿ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, “ಹಿಡೀರಿ ಅಜ್ಜಿ, ಮೊಮ್ಮಗಳು” ಎಂದಳು. ಈರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕೈ ಚಾಚಿದ್ದ ಗುರುಬಸವ ತಾಯಿಯ ಮುಖ ನೋಡಿ ಹಿಂದೆ ಸರಿದ.

ನರ್ಸಮ್ಮ ಕೂಸಿನೊಂದಿಗೇ ಒಳಗೆ ಬಂದಳು.

“ಹೊರಗ ಕುಂತೋರು ನಿಮ್ಮೋರೇ ಹೌದೇನಮ್ಮ?”

“ಅಲ್ರಿ” ಎಂದಳು ಮಂಗಲಾ. “ನನ್ನ ಕೈಗೇ ಕೊಡ್ರಿ.”