ಮಾರ್ದನಿ ಹಿಡಿದ ಮಾತು

"ಬೆಳಕಿಂಡಿ," ಎಂದಳು ವಿಜ್ಞಾನಿ ಸರಯೂ ಹೊಂಬಳ, ಸೂರಿನ ಕಡೆ ಕೈ ತೋರಿಸಿ.

ಇಂಚರಾಳ ಕಿವಿಯ ಹಿಂದೆ ಅಂಟಿಸಿದ್ದ ಮಾರ್ದನಿ ಎಂಬ ಪುಟ್ಟ ಯಂತ್ರದಲ್ಲಿ ನೀಲಿ ದೀಪ ಹೊತ್ತಿಕೊಂಡಿತು. ಮಗುವಿನ ತುಟಿ ಅಲುಗಿತು. ದೀಪ ಆರಿತು. "ಬೆಳಕಿಂಡಿ," ಎಂದಿತು ಮಗು.

ಕೇಳಿದ ಹೊಸ ಪದ ಮನಸ್ಸಿನಲ್ಲಿ ಕ್ಷಣಕಾಲವಷ್ಟೇ ನಿಲ್ಲುತ್ತದೆ. ಅಷ್ಟರೊಳಗೆ ಅದನ್ನು ಒಳಗೊಳಗೇ ಹೇಳಿಕೊಂಡರೆ ಮಾತ್ರ ನೆನಪಿನ ಆಳಕ್ಕಿಳಿದು ನಮ್ಮದಾಗುತ್ತದೆ. ಐದು ವರ್ಷದ ಇಂಚರಾಳಿಗೆ ಹಾಗೆ ಹೇಳಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರಲಿಲ್ಲ, ಕೇಳಿದ್ದೆಲ್ಲ ಸೋರಿಹೋಗುತ್ತಿತ್ತು. ಈಗ ಅವಳ ಬದಲು ಮಾರ್ದನಿ ಹೇಳಿಕೊಳ್ಳುತ್ತಿತ್ತು. ೨೦೫೬ರಲ್ಲಿ ಧಾರವಾಡದಲ್ಲಿ ಇಂಥ ಹಲವು ಮಕ್ಕಳು ಮಾತು ಕಲಿತರು. ಅದನ್ನು ಕಿವಿಯಿಂದ ಒಂದು ದಿನವೂ ತೆಗೆಯಬಾರದು ಎಂದಿದ್ದಳು ಸರಯೂ.

ತಾಯಿ ಶಾಂಭವಿ ತೆಗೆದಿರಲಿಲ್ಲ. ಗಂಡ ಮಹಾಂತೇಶ ತೀರಿಕೊಂಡು, ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿದಾಗಲೂ. ಅವಳು ಗೋಡೆಗೆ ಒರಗಿ ಕೂತಿದ್ದಳು. ಮಗು ಹೆಂಗಸರ ನಡುವೆ ಆಡುತ್ತಿತ್ತು. ಮಾತು ಬಾರದ ಕೂಸೆಂದು, ಅದರ ಅವ್ವನ ಬಗ್ಗೆ ಆಡುವಾಗಲೂ ಯಾರೂ ದನಿ ತಗ್ಗಿಸಲಿಲ್ಲ. ನೀಲಿ ದೀಪ ಹೊತ್ತುತ್ತಿತ್ತು, ಆರುತ್ತಿತ್ತು.

"ಮೇಡಮ್, ಇಕಿ ತಲ್ಯಾಗಿಂದ ಒಂದು ಮಾತು ತಗೀಬೇಕಾಗಿತ್ರಿ," ಎಂದಳು ಶಾಂಭವಿ, ಬೆಳಕಿಂಡಿಯ ಪಾಠ ಮುಗಿಸಿದ ಸರಯೂಗೆ.

"ಯಾವುದು?"

ಶಾಂಭವಿ ಓರೆಗಣ್ಣಿಂದ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿದ್ದ ಅತ್ತೆ ನೀಲವ್ವ ಸೆರಗು ಸರಿಮಾಡಿಕೊಂಡಳು.

"ಒಳಗ ಇಳದದ್ದನ್ನ ತಗಿಯಾಕ ಆಗಂಗಿಲ್ರಿ," ಎಂದಳು ಸರಯೂ. "ಆದ್ರ ಮಕ್ಕಳಿಗೆ ಮೊದಲು ಸಪ್ಪಳ ಬರ್ತದ, ಅರ್ಥ ಆಮ್ಯಾಲೆ. ಮಗು ಅರ್ಥ ಕೇಳಿದಾಗ ಯಾರು ಮೊದಲು ಏನು ಹೇಳ್ತಾರೋ ಅದ ನಿಲ್ತದ. ನೀವ ಒಂದು ಒಳ್ಳೆ ಅರ್ಥ ಹೇಳಿಬಿಡ್ರಿ."

ಶಾಂಭವಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎದುರಿಗೆ ಬಂದ ಮುಖ ನೋಡಿ ಮಗು ಕೇಳಿಯೇಬಿಟ್ಟಿತು.

"ಅವ್ವಾ, ಕಾಲ್ಗುಣ ಅಂದ್ರ ಏನ?"

ನಡಿಗೆ ಎನ್ನಬಹುದಿತ್ತು. ಗೆಜ್ಜೆಯ ಸದ್ದು ಎನ್ನಬಹುದಿತ್ತು. ಶಾಂಭವಿ ಬಾಯಿ ತೆರೆದಳು. ಅವಳ ಕಣ್ಣು ತನ್ನ ಪಾದಗಳ ಮೇಲೆ ಬಿತ್ತು.

"ಅಯ್ಯ, ಆಕೀನ್ನ ಏನ್ ಕೇಳ್ತಿ, ನನ್ನ ಕೇಳ," ಎಂದಳು ನೀಲವ್ವ. "ಆಕಿ ನಮ್ಮನಿಗೆ ಕಾಲಿಟ್ಟಳು, ನಿಮ್ಮಪ್ಪ ಮಣ್ಣಾಗ ಹೋದ. ಅದ ನೋಡವಾ ಕಾಲ್ಗುಣ."

ದೀಪ ಹೊತ್ತಿತು. ಇಂಚರ ಅವ್ವನ ಪಾದಗಳನ್ನು ನೋಡಿದಳು. ದೀಪ ಆರಿತು.

"ಮುಂದಿನ ಮಾರ್ದನಿಗೆ ಜರಡಿ ಕೂಡಸ್ತೀವ್ರಿ," ಸರಯೂ ಗಡಿಬಿಡಿಯಿಂದ ಹೇಳತೊಡಗಿದಳು. "ಬ್ಯಾಡಾದ ಮಾತು ಒಳಗ ಹೋಗಂಗಿಲ್ಲ..."

ಶಾಂಭವಿ ಕೇಳಿಸಿಕೊಳ್ಳುತ್ತಿರಲಿಲ್ಲ. ೨೦೩೦ರ ಸುಮಾರಿಗೆ, ಅವಳು ಇಂಚರಾಳಷ್ಟಿದ್ದಾಗ, ಮಾರ್ದನಿ ಎಂಬುದಿರಲಿಲ್ಲ. ಯಾರೂ ಕೂರಿಸಿಕೊಂಡು ಕಲಿಸಿರಲೂ ಇಲ್ಲ. ಆದರೂ ಕಾಲ್ಗುಣ ಎಂಬ ಮಾತಿನ ಅರ್ಥ ಗೊತ್ತಿಲ್ಲದ ದಿನವೊಂದು ತನಗಿತ್ತೇ ಎಂದು ಎಷ್ಟು ತಡಕಾಡಿದರೂ ಅವಳಿಗೆ ನೆನಪಾಗಲಿಲ್ಲ.