ಯಾರಾದರೂ ಕೇಳಿದರಾ?

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದೋಣಿ ಮುಳುಗಿದ ಮರುದಿನ ಠಾಣೆಯಲ್ಲಿ ವಿಚಾರಣೆಯ ಫೋನಿಗೆ ಪೇದೆಯಾದ ನನ್ನನ್ನು ಕೂರಿಸಿದರು. ಕಾಣೆಯಾದವರ ಗುರುತು ಕೇಳಬೇಕು. ಬದುಕಿದ್ದಾರೋ ಇಲ್ಲವೋ ಎಂಬುದರ ಬಗ್ಗೆ ಮಾತ್ರ ಬಾಯಿ ಬಿಡಬಾರದು.

ಮಟಮಟ ಮಧ್ಯಾಹ್ನ ಒಬ್ಬ ಹೆಂಗಸಿನ ಕರೆ ಬಂತು. ರಿಸೀವರ್ ಕಿವಿಗೆ ತಣ್ಣಗೆ ಕೊರೆಯಿತು.

“ಯಾರನ್ನ ಹುಡುಕ್ತಿದ್ದೀರಮ್ಮಾ?”

“ಹುಡುಕ್ತಾ ಇಲ್ಲಮ್ಮ. ನನ್ನನ್ನ ಕೇಳ್ಕೊಂಡು ಯಾರಾದ್ರೂ ಫೋನ್ ಮಾಡಿದ್ರಾ?”

ರೂಢಿಯಂತೆ ಗುರುತು ಕೇಳಿದೆ.

“ಹಸಿರು ಸ್ವೆಟರು. ನೀಲಿ ಚಪ್ಪಲಿ, ಎಡಗಾಲಿನದಕ್ಕೆ ಬಿಳಿ ದಾರದ ಹೊಲಿಗೆ.”

ಯಾರೂ ಕೇಳಿರಲಿಲ್ಲ. ಹಾಗೆಂದೆ.

“ಇರ್ಲಿ ಬಿಡಮ್ಮ, ಅವರಿಗೂ ಕೆಲ್ಸ ಇರತ್ತೆ. ನಾಳೆ ಮಾಡ್ತೀನಿ.”

ದಿನಾ ಮಾಡಿದಳು, ಬೇರೆಯವರ ಕರೆಗಳೆಲ್ಲ ನಿಂತ ಮೇಲೂ. ಒಂದು ದಿನ ತಡೆಯಲಾರದೆ ಸುಳ್ಳು ಹೇಳಿಬಿಟ್ಟೆ.

“ಕೇಳಿದ್ರಮ್ಮಾ. ನಿಮ್ಮ ತಂಗಿಯಂತೆ.”

“ಏನಂದ್ಲು?”

“ಅಕ್ಕ ಬೇಗ ಮನೆಗೆ ಬರ್ಲಿ ಅಂದ್ಲು.”

ಆಮೇಲೆ ಆ ಕರೆ ಬರಲಿಲ್ಲ. ಆ ಸಂಜೆ ನಾನು ಮನೆಗೆ ಹೋದಾಗ, ಬಾಗಿಲ ಬಳಿ ನಾನು ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಒದ್ದೆ ನೀಲಿ ಚಪ್ಪಲಿಗಳಿದ್ದವು. ಎಡಗಾಲಿನದಕ್ಕೆ ಬಿಳಿ ದಾರದ ಹೊಲಿಗೆ.

ಎತ್ತಿ ಎಸೆಯಲು ಮನಸ್ಸಾಗಲಿಲ್ಲ. ಯಾರದೆಂದು ಕೇಳಿದವರಿಗೆ ಅಕ್ಕನದು ಎನ್ನುತ್ತೇನೆ. ಎಷ್ಟೋ ಬೇಸಿಗೆ ಕಳೆದವು. ಅವು ಇನ್ನೂ ಒಣಗಿಲ್ಲ.